ನಾವು ಕಂಡಂತೆ: ಕಡಲ ನಡುವಿನ ಊರಿಗೆ ಆಕಾಶದ ದಾರಿ

ಚಿಂಚವಾಡದ ಅಂಗಡಿಯಲ್ಲಿ ಕೊಂಡ ಐದು ಕಿಲೋ ಕುಚ್ಚಲಕ್ಕಿಯನ್ನು ಅರಬ್ಬೀ ಸಮುದ್ರದ ನಡುವಣ ಒಂದು ದ್ವೀಪಕ್ಕೆ ಮುಟ್ಟಿಸಲು ಎಷ್ಟು ದಿನ ಬೇಕು? ನಾವು ಹೊರಡುವ ಮೊದಲು ಯಾರಾದರೂ ಹೀಗೆ ಕೇಳಿದ್ದರೆ, "ಇಂದು ವಿಮಾನ ಹತ್ತಿದರೆ ನಾಳೆ ಮುಟ್ಟೀತು" ಎಂದು ದೊಡ್ಡ ಅನುಭವಸ್ಥರಂತೆ ಹೇಳಿಬಿಡುತ್ತಿದ್ದೆವು. ಈಗ ಹಾಗೆ ಹೇಳುವ ಧೈರ್ಯವಿಲ್ಲ. 2024ರ ಡಿಸೆಂಬರ್ ಮೊದಲ ವಾರದಲ್ಲಿ ನಾವು, ನಮ್ಮ ಮನೆಯವರು, ನಮ್ಮ ಮಾವನವರು, ಮತ್ತು ಆ ಅಕ್ಕಿಯ ಚೀಲ, ಹೀಗೆ ನಾಲ್ವರು ಲಕ್ಷದ್ವೀಪಕ್ಕೆ ಹೋದೆವು. ನಾಲ್ವರೂ ಒಟ್ಟಿಗೆ ಹೋಗಲಿಲ್ಲ ಎಂಬುದೇ ಈ ಸಲದ ಕಥೆ.

ಅಕ್ಕಿ ಏಕೆಂಬುದನ್ನು ಮೊದಲು ಹೇಳಬೇಕು. ಮಾವನವರು ಹುಟ್ಟಿ ಬೆಳೆದದ್ದು ಮಂಗಳೂರಿನ ಬಂದರಿನಲ್ಲಿ. ಅವರ ತಂದೆಯವರು ಅಲ್ಲಿಯ ಒಂದು ಮಂಡಿಯಲ್ಲಿ ಗುಮಾಸ್ತರು. ಮಳೆಗಾಲ ಮುಗಿದು ಕಡಲು ತಣ್ಣಗಾಯಿತೆಂದರೆ ದ್ವೀಪದ ಓಡಗಳು ಹಾಯಿ ಬಿಚ್ಚಿಕೊಂಡು ಅಳಿವೆಯೊಳಗೆ ಬರುತ್ತಿದ್ದುವಂತೆ. ಅವರು ತಮ್ಮ ಹಡಗನ್ನು 'ಓಡಂ' ಎನ್ನುತ್ತಾರೆ. ನಮ್ಮ 'ಓಡ'ವೇ ಅದು. ಬರುವಾಗ ಕತ್ತದ ಹುರಿ, ತೆಂಗಿನಕಾಯಿ, ಕೊಬ್ಬರಿ, ಕಲ್ಲಿನಷ್ಟು ಗಟ್ಟಿಯಾದ ಮಾಸ್ ಮೀನು, ಹೋಗುವಾಗ ಅಕ್ಕಿ. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಮಂಗಳೂರಿನ ಅಕ್ಕಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಓಡಗಳ ಪೈಕಿ ಒಂದಕ್ಕೆ ಕದ್ಮತ್ ದ್ವೀಪದ ಒಬ್ಬ ಮಾಲ್ಮಿ. ಮಾಲ್ಮಿ ಎಂದರೆ ನಕ್ಷತ್ರ ನೋಡಿ ದಾರಿ ಹಿಡಿಯುವವ. ಅವನು ಮಂಡಿಗೆ ಬಂದಾಗಲೆಲ್ಲ ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದ ನಮ್ಮ ಮಾವನವರನ್ನು ಹತ್ತಿರ ಕರೆದು ಕೂರಿಸಿಕೊಂಡು, ತನ್ನ ಮಾತಿನಲ್ಲಿ ಕಡಲ ಕತೆ ಹೇಳುತ್ತಿದ್ದನಂತೆ. ಅವನ ಮಾತಿಗೂ ಬಂದರಿನ ಬ್ಯಾರಿ ಮಾತಿಗೂ ಅಷ್ಟೇನೂ ದೂರವಿಲ್ಲದ್ದರಿಂದ ಹುಡುಗನಿಗೆ ಅರ್ಥವಾಗುತ್ತಿತ್ತು. ಒಂದು ವರ್ಷ ಒಂದು ದೊಡ್ಡ ಕವಡೆಯನ್ನು ಕೈಗಿತ್ತು, "ಒಮ್ಮೆ ನಮ್ಮೂರಿಗೆ ಬಾ, ಬರುವಾಗ ಅಕ್ಕಿ ತಾ" ಎಂದನಂತೆ. ಕವಡೆ ಇಂದೂ ಚಿಂಚವಾಡದ ನಮ್ಮ ಮನೆಯ ಶೋಕೇಸಿನಲ್ಲಿದೆ. ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ನಮ್ಮಲ್ಲಿಗೆ ಬರುವಾಗ ಮಂಗಳೂರಿನಿಂದ ತಂದ ಸಾಮಾನು ಎರಡು ಪೆಟ್ಟಿಗೆ, ಒಂದು ಕವಡೆ.

ಇದು ನಡೆದದ್ದು 1950ರ ಆಸುಪಾಸು. ಆಗ ಕದ್ಮತ್ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಊರು! ಇದನ್ನು ನಾವು ಉತ್ಪ್ರೇಕ್ಷೆಗಾಗಿ ಹೇಳುತ್ತಿಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳಿಗೆ ಅಮಿನ್‌ದಿವಿ ದ್ವೀಪಗಳೆಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಈ ದ್ವೀಪದವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಬೇಡವೆಂದು ಮಂಗಳೂರಿಗೆ ಬಂದು ಟಿಪ್ಪೂ ಸುಲ್ತಾನನಲ್ಲಿ ಮೊರೆಯಿಟ್ಟು ಅವನ ಕೈಕೆಳಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇವೂ ಕಂಪೆನಿಯ ವಶವಾದುವು. ಅಲ್ಲಿಂದ ಮುಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿ ಇವುಗಳ ಕಚೇರಿ ಮಂಗಳೂರು. ಅಮಿನಿಯಲ್ಲಿ ಸರಕಾರದ ಮೊನಿಗಾರ, ಮಂಗಳೂರಿನಲ್ಲಿ ಕಲೆಕ್ಟರು. ಕತ್ತದ ಹುರಿಯ ವ್ಯಾಪಾರ ಬಹುಕಾಲ ಸರಕಾರದ್ದೇ. ಗೊತ್ತುಪಡಿಸಿದ ದರಕ್ಕೆ ಹುರಿ ತೆಗೆದುಕೊಂಡು ಅಕ್ಕಿ ಅಳೆದುಕೊಡುತ್ತಿದ್ದರು. ಮಿಕ್ಕ ಲಕ್ಕದೀವಿ ದ್ವೀಪಗಳೂ ಮಿನಿಕಾಯ್ ದ್ವೀಪವೂ ಮಲಬಾರು ಜಿಲ್ಲೆಗೆ ಸೇರಿದ್ದುವು.

1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಒಂದಾಗಿ ಕೇಂದ್ರಾಡಳಿತ ಪ್ರದೇಶವಾದುವು. ನಾವು ಇಲ್ಲಿ ಪ್ರತಿವರ್ಷ ಹಳದಿ ಕೆಂಪು ಬಾವುಟ ಹಾರಿಸುವ ಅದೇ ದಿನ, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಈ ಐದು ದ್ವೀಪಗಳು ದಿಲ್ಲಿಗೆ ಹೋದುವು. ಕಾಸರಗೋಡನ್ನು ನಾವು ಮರೆತಿಲ್ಲ, ದ್ವೀಪಗಳನ್ನು ಮರೆತೇಬಿಟ್ಟೆವು. ಇನ್ನೂ ಒಂದು ಸೋಜಿಗವುಂಟು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆಯಿತಷ್ಟೆ. ಅದೇ ದಿನವೇ ಈ ಪ್ರದೇಶಕ್ಕೂ ಲಕ್ಷದ್ವೀಪವೆಂಬ ಹೆಸರು ಬಂದಿತು. ನಾಮಕರಣ ಒಂದೇ ದಿನ ಆದ ಮಕ್ಕಳು ಒಬ್ಬರನ್ನೊಬ್ಬರು ಗುರುತಿಸದೆ ಬೆಳೆದಂತಾಯಿತು.

ಇರಲಿ, ಪ್ರಯಾಣಕ್ಕೆ ಬರೋಣ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋದಾಗಿನ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ಮಾವನವರು ನಿತ್ಯ ಒಂದೇ ಮಾತು ಹಿಡಿದರು. "ಅಲ್ಲ ಮಾರಾಯರೆ, ಇಷ್ಟು ಜನ ಹೋಗುತ್ತಾರೆ, ನಾವು ಹೋಗಲಿಕ್ಕೆ ಏನಡ್ಡಿ?" ವಯಸ್ಸು ಎಂಬತ್ತನಾಲ್ಕು, ಎದೆಯೊಳಗೆ ಎರಡು ಸ್ಟೆಂಟು. ಡಾಕ್ಟರು ಹಡಗು ಬೇಡವೆಂದರು. ಕೊಚ್ಚಿಯಿಂದ ಹಡಗಿಗೆ ಹದಿನಾಲ್ಕರಿಂದ ಹದಿನೆಂಟು ಗಂಟೆಯ ಹಾದಿ. ನಡುವೆ ಏನಾದರೂ ಆದರೆ ಸುತ್ತಲೂ ನೀರು. "ವಿಮಾನವಾದರೆ ಒಂದೂವರೆ ಗಂಟೆ. ಹೋಗಿ ಬನ್ನಿ" ಎಂದು ಅನುಮತಿ ಕೊಟ್ಟರು.

ವಿಮಾನವೇನೋ ಸರಿ, ಎಲ್ಲಿಂದ ಹತ್ತಬೇಕು? ಇಡೀ ಲಕ್ಷದ್ವೀಪಕ್ಕೆ ವಿಮಾನ ಇಳಿಯುವ ಪಟ್ಟಿ ಇರುವುದು ಅಗತ್ತಿ ಎಂಬ ಒಂದೇ ದ್ವೀಪದಲ್ಲಿ, 1988ರಲ್ಲಿ ಆರಂಭವಾದದ್ದು. ಬಹುಕಾಲ ಅಲ್ಲಿಗೆ ಕೊಚ್ಚಿಯಿಂದಲೇ ಹೋಗಬೇಕಾಗಿತ್ತು. 2024ರ ಮಾರ್ಚ್ 31ರಿಂದ ಬೆಂಗಳೂರಿನಿಂದಲೂ, ಅದೇ ವರ್ಷ ಗೋವೆಯಿಂದಲೂ ವಿಮಾನಗಳು ಶುರುವಾದುವು. ಆದರೆ ಮಂಗಳೂರಿನಿಂದ? ನಾವು ಹೊರಟಾಗ ಇರಲಿಲ್ಲ. ಭೂಪಟದ ಮೇಲೆ ಅಳೆದು ನೋಡಿದೆವು: ಮಂಗಳೂರಿನಿಂದ ಕದ್ಮತ್ತಿಗೆ ನೇರವಾಗಿ ಹೆಚ್ಚುಕಡಮೆ 290 ಕಿಲೋಮೀಟರು. ಚಿಂಚವಾಡದಿಂದ ಕೊಲ್ಲಾಪುರ ದಾಟಿ ನಿಪ್ಪಾಣಿಗೆ ಹೋದಷ್ಟು! ಅಷ್ಟು ಹತ್ತಿರದ ಊರಿಗೆ ನಾವು ಪುಣೆಯಿಂದ ಕೊಚ್ಚಿಗೆ ಇಳಿದು, ಕೊಚ್ಚಿಯಿಂದ ಮತ್ತೆ ವಾಯವ್ಯಕ್ಕೆ ತಿರುಗಿ ಅಗತ್ತಿಗೆ ಹೋಗಿ, ಅಲ್ಲಿಂದ ದೋಣಿ ಹಿಡಿಯಬೇಕು. ಮಂಗಳೂರಿನ ಹಳೆಯ ಬಂದರಿನಿಂದ ಇಂದಿಗೂ ಮಂಜಿಗಳಲ್ಲಿ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ದ್ವೀಪಗಳಿಗೆ ಹೋಗುತ್ತವೆ; ಮನುಷ್ಯರ ದಾರಿ ಮಾತ್ರ ಸುತ್ತಿಕೊಂಡಿದೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ದ್ವೀಪದ ಜನರನ್ನು ಕರೆದುಕೊಂಡು ಏಳು ಗಂಟೆಯಲ್ಲಿ ಮಂಗಳೂರು ಮುಟ್ಟಿತೆಂದು ಓದಿದಾಗ ಮಾವನವರು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಕವಡೆಯ ಪಕ್ಕದಲ್ಲಿಟ್ಟರು.

ದ್ವೀಪಕ್ಕೆ ಹೋಗಲು ಟಿಕೆಟ್ಟೊಂದೇ ಸಾಲದು. 1967ರ ನಿಯಮಗಳಂತೆ ಹೊರಗಿನವರು ಅನುಮತಿಪತ್ರವಿಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. ಈ ಕಟ್ಟುಪಾಡು ಸರಿಯೆಂದೇ ನಮ್ಮ ಅಭಿಪ್ರಾಯ. ಜನ ಇರುವ ದ್ವೀಪ ಹತ್ತು, ಒಟ್ಟು ನೆಲ 32 ಚದರ ಕಿಲೋಮೀಟರು, 2011ರ ಗಣತಿಯಂತೆ ಜನ 64,473. ನಮ್ಮ ಪಿಂಪ್ರಿ-ಚಿಂಚವಾಡ ನಗರವೇ 181 ಚದರ ಕಿಲೋಮೀಟರು, ಅದೇ ಗಣತಿಯಲ್ಲಿ ಹದಿನೇಳು ಲಕ್ಷ ಜನ. ನಮ್ಮ ಒಂದು ವಾರ್ಡಿನವರೆಲ್ಲ ಒಂದೇ ದಿನ ಅಲ್ಲಿಗೆ ಹೋಗಿ ಇಳಿದರೆ ಕುಡಿಯುವ ನೀರಿಗೆ ಗತಿಯೇನು?

ಅನುಮತಿಗೆ ಎರಡು ಕಾಗದ ಬೇಕಾಯಿತು. ಒಂದು, ನಮ್ಮ ಮೇಲೆ ಯಾವ ಮೊಕದ್ದಮೆಯೂ ಇಲ್ಲವೆಂದು ಪೊಲೀಸರ ಪತ್ರ. ಪಿಂಪ್ರಿ-ಚಿಂಚವಾಡಕ್ಕೆ ಬೇರೆ ಪೊಲೀಸ್ ಆಯುಕ್ತಾಲಯವಾದದ್ದು 2018ರ ಆಗಸ್ಟ್ 15ರಂದು. ಹೀಗಾಗಿ ಪುಣೆಗೆ ಅಲೆಯುವುದು ತಪ್ಪಿತು. ಠಾಣೆಯಲ್ಲಿ ಎಳೆಯ ಪೇದೆಯೊಬ್ಬ ಕಾಗದ ನೋಡಿ, ಮಾವನವರ ಮುಖ ನೋಡಿ, "ಹೇ ಕುಠೇ ಆಲಂ, ಆಜೋಬಾ?" ಎಂದು ಕೇಳಿದ. ಮಾವನವರು ತಮ್ಮ ಹನ್ನೊಂದು ವರ್ಷದ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, "ಆಮಚ್ಯಾ ಗಾವಾಸಮೋರ" ಎಂದರು: ನಮ್ಮೂರಿನ ಎದುರಿಗೆ. ಪೇದೆ ನಕ್ಕು ಮುದ್ರೆ ಒತ್ತಿಸಿಕೊಟ್ಟ. ಎರಡನೆಯದು, ದ್ವೀಪದ ನಿವಾಸಿಯೊಬ್ಬರು ನಮ್ಮನ್ನು ಕರೆಸಿಕೊಳ್ಳುತ್ತಿದ್ದೇವೆಂದು ಬರೆದುಕೊಡುವ ಪತ್ರ. ಬಂದರಿನ ಹಳೆಯ ವ್ಯಾಪಾರಿಯೊಬ್ಬರ ಮೂಲಕ ಹುಡುಕಿಸಿದೆವು. ಮಾಲ್ಮಿ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಆತನ ಮಗಳು ಕದ್ಮತ್ತಿನಲ್ಲೇ ಇದ್ದರು. ಮಗಳ ಮಗ ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರು. ಮೇಷ್ಟ್ರು ಫೋನಿನಲ್ಲಿ ಒಂದೂ ಪ್ರಶ್ನೆ ಕೇಳದೆ ಪತ್ರ ಬರೆದುಕೊಟ್ಟರು. ಅಜ್ಜನ ಬಾಯಿಯಿಂದ ಮಂಗಳೂರಿನ ಮಂಡಿಯ ಹೆಸರನ್ನು ಅವರೂ ಕೇಳಿದ್ದರಂತೆ.

ಹೀಗೆ ಅಕ್ಕಿ ನಮ್ಮೊಡನೆ ಹೊರಟಿತು. ಲೋಹಗಾಂವ್‌ನಿಂದ ಕೊಚ್ಚಿಯವರೆಗೆ ಅದಕ್ಕೂ ನಮಗೂ ಏನೂ ತೊಂದರೆಯಾಗಲಿಲ್ಲ. ಒಂದು ರಾತ್ರಿ ಕೊಚ್ಚಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ನಿಲ್ದಾಣಕ್ಕೆ ಹೋದೆವು. ಅಲ್ಲಿ ಸಾಮಾನು ತೂಗುವ ಹುಡುಗಿ ನಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿ, ಅಕ್ಕಿಯ ಚೀಲಕ್ಕೆ ಬಂದಾಗ, "ಇದು ಇಂದು ಹೋಗುವುದು ಅನುಮಾನ. ತೂಕ ಮಿಕ್ಕರೆ ಮುಂದಿನ ವಿಮಾನದಲ್ಲಿ ಕಳಿಸುತ್ತೇವೆ" ಎಂದಳು. ಹೆಚ್ಚಿನ ತೂಕಕ್ಕೆ ಹಣ ಕೊಡುತ್ತೇವೆಂದೆವು. "ಹಣದ ಮಾತಲ್ಲ ಸಾರ್, ರನ್‌ವೇ ಚಿಕ್ಕದು" ಎಂದಳು. ಮಾವನವರು ಚೀಲದ ಮೇಲೆ ದೊಡ್ಡಕ್ಷರದಲ್ಲಿ ಹೆಸರು, ಊರು, ಫೋನು ಬರೆಸಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅವರು ಅಷ್ಟು ಹಿಂತಿರುಗಿ ನೋಡಿರಲಿಲ್ಲವೆಂದು ನಮ್ಮ ಮನೆಯವರು ಅಂದರು.

ಹುಡುಗಿ ಹೇಳಿದ್ದು ನಿಜ. ಅಗತ್ತಿಯ ಓಡುಪಟ್ಟಿ 1,204 ಮೀಟರು. ನಮ್ಮ ಲೋಹಗಾಂವಿನದು ಎರಡೂವರೆ ಸಾವಿರ ಮೀಟರು. ಅದಕ್ಕೆ ಹೋಲಿಸಿದರೆ ಅರ್ಧವೂ ಇಲ್ಲ. ಅಗತ್ತಿ ದ್ವೀಪ ಏಳು ಕಿಲೋಮೀಟರಿಗೆ ಸ್ವಲ್ಪ ಮೇಲೆ ಉದ್ದ, ಅಗಲವಿದ್ದಲ್ಲಿ ಒಂದು ಕಿಲೋಮೀಟರು. ತೆಂಕಣ ತುದಿಯಲ್ಲಿ ಅದು ಬಾಲದಂತೆ ಸಣ್ಣಗಾಗುತ್ತದೆ. ಆ ಬಾಲದ ಮೇಲೆಯೇ ಓಡುಪಟ್ಟಿ. ಆಚೆ ಕಡಲು, ಈಚೆ ಕಡಲು, ಮುಂದೆ ಕಡಲು. ವಿಮಾನ ಭಾರವಾದಷ್ಟೂ ಇಳಿದು ನಿಲ್ಲುವುದಕ್ಕೂ ಓಡಿ ಏಳುವುದಕ್ಕೂ ಹೆಚ್ಚು ನೆಲ ಬೇಕು. ಹೆಚ್ಚು ನೆಲ ಅಲ್ಲಿಲ್ಲ. ಮೊದಲು ಡಾರ್ನಿಯರ್ ಎಂಬ ಪುಟ್ಟ ವಿಮಾನಗಳು ಹೋಗುತ್ತಿದ್ದುವು, ಹದಿನೈದು ಇಪ್ಪತ್ತು ಜನರಷ್ಟೆ. ಈಗ ಹೋಗುವ ಎ.ಟಿ.ಆರ್. ಎಂಬ ಎರಡು ರೆಕ್ಕೆಗಾಲಿಯ ವಿಮಾನದಲ್ಲಿ ಎಪ್ಪತ್ತರಷ್ಟು ಆಸನಗಳುಂಟು. ಆದರೆ ಎಲ್ಲ ಆಸನಕ್ಕೂ ಜನ, ಎಲ್ಲರ ಪೆಟ್ಟಿಗೆ ತುಂಬಿ ಹಾರುವುದು ಅಲ್ಲಿ ಸಾಧ್ಯವಾಗದು. ಸಾಲದ್ದಕ್ಕೆ, ಮೋಡ ಮುಸುಕಿ ಇಳಿಯಲಾಗದಿದ್ದರೆ ಬೇರೆ ದ್ವೀಪದಲ್ಲಿ ಇಳಿಯೋಣವೆನ್ನುವಂತಿಲ್ಲ; ಹಿಂದಿರುಗಿ ನೆಲನಾಡಿಗೇ ಬರಬೇಕು. ಅದಕ್ಕೆ ಬೇಕಾದ ಎಣ್ಣೆಯನ್ನೂ ಹೊತ್ತುಕೊಂಡೇ ಹೋಗಬೇಕು. ಎಣ್ಣೆಗೆ ಕೊಟ್ಟ ತೂಕ ಜನರಿಂದ ಕಳೆಯಬೇಕು, ಜನಕ್ಕೆ ಕೊಟ್ಟದ್ದು ಪೆಟ್ಟಿಗೆಯಿಂದ ಕಳೆಯಬೇಕು. ಮಂಡಿಯ ಗುಮಾಸ್ತರ ಮಗನಾದ ಮಾವನವರಿಗೆ ಈ ಲೆಕ್ಕ ಕೂಡಲೆ ಹಿಡಿಸಿತು. "ಓಡಕ್ಕೂ ಹಾಗೆಯೇ. ನೀರಿನ ಗೆರೆ ಮೀರಿ ತುಂಬಿಸಿದರೆ ಮಾಲ್ಮಿ ಹತ್ತುವುದೇ ಇಲ್ಲ" ಎಂದರು.

ವಿಮಾನದೊಳಗೆ ಪ್ರವಾಸಿಗರು ಕಡಮೆ ಇರಲಿಲ್ಲ. ಆದರೆ ನಮ್ಮ ಹಿಂದಿನ ಸಾಲಿನಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿದ್ದ ಒಬ್ಬ ಗಂಡಸು, ಎಕ್ಸರೇ ಚೀಲ ಹಿಡಿದ ಆತನ ಹೆಂಡತಿ. ಆಚೆ ಬದಿಗೆ ಕೈಗೂಸಿನೊಡನೆ ಒಬ್ಬ ತಾಯಿ. ನಮ್ಮೂರಿನಲ್ಲಿ ಎಸ್.ಟಿ. ಬಸ್ಸಿನಲ್ಲಿ ಕಾಣುವಂಥ ಜನ. ಅವರು ಕಿಟಕಿಯ ಕಡೆ ನೋಡಲೇ ಇಲ್ಲ. ನೋಡಿದವರು ನಾವು. ಗಂಟೆಗೂ ಮೀರಿ ಬರಿಯ ನೀಲಿ. ಆಮೇಲೆ ಆ ನೀಲಿಯ ನಡುವೆ ಯಾರೋ ಹಸಿರು ಬಳೆಯೊಂದನ್ನು ಒಡೆದು ಇಟ್ಟಂತೆ ಹವಳದ ದಿಬ್ಬ ಕಂಡಿತು. ಬಳೆಯ ಒಳಗೆ ನೀರು ಎಳನೀರಿನ ಬಣ್ಣ. ಒಂದು ಅಂಚಿನಲ್ಲಿ ತೆಂಗಿನ ತೋಟ. ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾಲ್ಮಿಗೆ ಇದನ್ನು ಮೇಲಿನಿಂದ ಒಮ್ಮೆ ತೋರಿಸಬೇಕಿತ್ತು" ಎಂದರು. ವಿಮಾನ ಕಡಲಿಗೇ ಇಳಿಯಿತೆಂದು ನಮಗನ್ನಿಸಿದ ಗಳಿಗೆಯಲ್ಲಿ ಗಾಲಿಗಳು ನೆಲ ಮುಟ್ಟಿದುವು. ಬ್ರೇಕು ಬಲವಾಗಿ ಬಿತ್ತು. ನಮ್ಮ ಮನೆಯವರು ದೇವರ ಹೆಸರು ಹೇಳಿದ್ದು ಮೂರು ಸಾಲಿಗೆ ಕೇಳಿಸಿರಬೇಕು.

ನಮ್ಮ ಲೆಕ್ಕ ಹೀಗಿತ್ತು: ಮಂಗಳವಾರ ಅಗತ್ತಿ, ಬುಧವಾರ ಬೆಳಿಗ್ಗೆ ದೋಣಿಯಲ್ಲಿ ಕದ್ಮತ್, ಎರಡು ರಾತ್ರಿ ಮೇಷ್ಟ್ರ ಮನೆ, ಶುಕ್ರವಾರ ಹಿಂದಕ್ಕೆ. ಅನುಮತಿಪತ್ರವೂ ಶುಕ್ರವಾರದವರೆಗೇ. ಬುಧವಾರ ಜೆಟ್ಟಿಗೆ ಹೋದರೆ ದೋಣಿ ಇಲ್ಲ. ಆ ವಾರ ಬಂಗಾಳ ಕೊಲ್ಲಿಯ ಚಂಡಮಾರುತದ ಶೇಷ ತಮಿಳುನಾಡು ದಾಟಿ ಅರಬ್ಬೀ ಸಮುದ್ರಕ್ಕೆ ಬಂದಿತ್ತು. ಅಗತ್ತಿಯ ಒಳಕಡಲು ಕನ್ನಡಿಯಂತಿದ್ದರೂ ಹವಳದ ಅಂಚಿನಾಚೆ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದುವು. ಗುರುವಾರವೂ ದೋಣಿ ಇಲ್ಲ. ಆಕಾಶದಲ್ಲಿ ಅಷ್ಟು ದೂರವನ್ನು ಒಂದೂವರೆ ಗಂಟೆಯಲ್ಲಿ ದಾಟಿ ಬಂದವರು, ಕಣ್ಣಿಗೆ ಕಾಣದಿದ್ದರೂ ಪಕ್ಕದಲ್ಲೇ ಇರುವ ದ್ವೀಪಕ್ಕೆ ಹೋಗಲಾರದೆ ಕುಳಿತೆವು.

ಹೆಲಿಕಾಪ್ಟರು ಉಂಟಲ್ಲ ಎಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. 1980ರ ದಶಕದ ಉತ್ತರಾರ್ಧದಿಂದ ಪವನ್ ಹಂಸ್‌ನ ಹೆಲಿಕಾಪ್ಟರುಗಳು ಈ ದ್ವೀಪಗಳ ನಡುವೆ ಓಡಾಡುತ್ತಿವೆ. ಮಳೆಗಾಲದಲ್ಲಿ ದೋಣಿಗಳು ನಿಂತಾಗ ಅಗತ್ತಿಯಿಂದ ರಾಜಧಾನಿ ಕವರತ್ತಿಗೆ ಹೋಗಲು ಅದೇ ದಾರಿ. ಆದರೆ ಮೊದಲ ಹಕ್ಕು ರೋಗಿಗಳದು. ಗುರುವಾರ ಮಧ್ಯಾಹ್ನ ಊರಿನ ಮೇಲೆ ಅದರ ಸದ್ದು ಕೇಳಿ ಮಾವನವರು ಕೋಲು ಹಿಡಿದು ಎದ್ದರು. ನಾವು ತಲಪುವಷ್ಟರಲ್ಲಿ ಸ್ಟ್ರೆಚರಿನಲ್ಲಿ ಒಬ್ಬ ಬಸುರಿಯನ್ನು ಏರಿಸುತ್ತಿದ್ದರು. ಹಿಂದೆ ಒಬ್ಬ ನರ್ಸು, ಸಲೈನಿನ ಸೀಸೆ ಎತ್ತಿಹಿಡಿದ ಒಬ್ಬ ಹುಡುಗ. ಗಾಳಿಗೆ ಸೀರೆಯ ಸೆರಗು, ತೆಂಗಿನ ಗರಿ, ಮರಳು ಎಲ್ಲ ಎದ್ದಿತು. ಅದು ಮೇಲೆದ್ದು ಕೊಚ್ಚಿಯ ಕಡೆ ತಿರುಗಿ ಚುಕ್ಕಿಯಾಗುವವರೆಗೂ ಯಾರೂ ಅಲ್ಲಿಂದ ಕದಲಲಿಲ್ಲ. ಮಾವನವರು ನಮ್ಮ ಕಡೆ ತಿರುಗಿ, "ಅದರಲ್ಲಿ ನಮಗೆ ಸೀಟು ಕೇಳಿದ್ದಿರಾ?" ಎಂದರು. "ಕೇಳಿದ್ದೆವು ಮಾವ" ಎಂದೆವು. ಅವರು ಮತ್ತೆ ಮಾತಾಡಲಿಲ್ಲ.

ಆ ಸಂಜೆ ಚಹದಂಗಡಿಯಲ್ಲಿ ಅಗತ್ತಿಯ ನಾಲ್ಕೈದು ಮಂದಿ ಹಿರಿಯರೊಡನೆ ಕುಳಿತಿದ್ದೆವು. ಮಾವನವರ ಬ್ಯಾರಿ ಮಾತು ಅಲ್ಲಿ ನಾಣ್ಯದಂತೆ ಚಲಾವಣೆಯಾಯಿತು. ಅವರಿಗೆ ವಿಮಾನದ ಮೇಲೆ ಪ್ರೀತಿಯೂ ಉಂಟು, ಮುನಿಸೂ ಉಂಟು. ವಿಮಾನ ಬಂದ ಮೇಲೆ ಎಷ್ಟೋ ಜೀವ ಉಳಿದವು. ಪ್ರವಾಸಿಗರು ಬಂದರೆ ದುಡ್ಡು ಬರುತ್ತದೆ, ಅದೂ ಬೇಕು. "ಆದರೆ ನೀವು ಮೂರು ತಿಂಗಳು ಮೊದಲೇ ಟಿಕೆಟ್ಟು ಮಾಡುತ್ತೀರಿ. ನಮ್ಮ ಕಾಯಿಲೆ ಮೂರು ತಿಂಗಳು ಮೊದಲು ತಿಳಿಸಿ ಬರುವುದಿಲ್ಲ" ಎಂದು ಒಬ್ಬರು ನಗುತ್ತಲೇ ಅಂದರು. ಹಡಗಿನ ಟಿಕೆಟ್ಟಿಗೂ ಪರದಾಟವಂತೆ. ಓಡುಪಟ್ಟಿಯನ್ನು ಉದ್ದ ಮಾಡುವ ಯೋಜನೆ ಬಹು ವರ್ಷಗಳಿಂದ ಉಂಟು. ಮಾಡಬೇಕೆಂದರೆ ಕಡಲಿಗೇ ಮಣ್ಣು ತುಂಬಬೇಕು, ಹವಳದ ಮೇಲೆ. ಮಿನಿಕಾಯಿಯಲ್ಲಿ ಹೊಸ ನಿಲ್ದಾಣದ ಪ್ರಸ್ತಾಪವೂ ಉಂಟು. ಹವಳ ಸತ್ತರೆ ಅಲೆ ತಡೆಯುವವರು ಯಾರೆಂದು ಒಬ್ಬರು. ಜನ ಸತ್ತರೆ ಹವಳ ಯಾರಿಗೆಂದು ಇನ್ನೊಬ್ಬರು. ನಮಗೆ ಇಬ್ಬರ ಮಾತೂ ಸರಿಯೆಂದೇ ತೋರಿತು, ಆದಕಾರಣ ಸುಮ್ಮನೆ ಚಹ ಕುಡಿದೆವು.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ನೆನಪಾಯಿತು. ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಎರಡು ನಿಮಿಷದ ವಿಮಾನ ಹಾರಾಟ. ಜಗತ್ತಿನಲ್ಲೇ ಅತಿ ಚಿಕ್ಕದು. ಅದೇ ದೇಶದ ಬಾರಾ ಎಂಬ ದ್ವೀಪದಲ್ಲಿ ಇಳಿತದ ಹೊತ್ತು ನೋಡಿ ಕಡಲ ದಂಡೆಯ ಮರಳ ಮೇಲೆಯೇ ವಿಮಾನ ಇಳಿಯುತ್ತದೆ. ಚಿಕ್ಕ ವಿಮಾನ, ಚಿಕ್ಕ ಪಟ್ಟಿ, ಚಿಕ್ಕ ಊರಿನ ಬಸ್ಸಿನ ಹಾಗೆ. ಆದರೆ ಅಲ್ಲಿಯ ಹವಾಮಾನ ಬೇರೆ, ಹಣದ ಚೀಲ ಬೇರೆ. ಹೋಲಿಕೆಯನ್ನು ಹೆಚ್ಚು ಎಳೆಯುವುದು ಬೇಡ.

ಶುಕ್ರವಾರ ಬೆಳಿಗ್ಗೆ ದೋಣಿಗಳು ಬಿಟ್ಟುವು! ಮೊದಲ ದೋಣಿಯಲ್ಲೇ ಕದ್ಮತ್ತಿನ ಮೇಷ್ಟ್ರು ಬಂದರು. ಜತೆಗೆ ಅವರ ತಾಯಿ, ಮಾಲ್ಮಿಯ ಮಗಳು. ನಮ್ಮನ್ನು ಕಾಣಲಿಕ್ಕಾಗಿಯೇ ಬಂದರೆಂದು ತಿಳಿದು ನಮಗೆ ಸಂಕೋಚವಾಯಿತು. ಆಮೇಲೆ ವಿಷಯ ತಿಳಿಯಿತು. ತಾಯಿಗೆ ಸೋಮವಾರ ಕೊಚ್ಚಿಯ ಆಸ್ಪತ್ರೆಯಲ್ಲಿ ಕಣ್ಣಿನ ಶಸ್ತ್ರಕ್ರಿಯೆ. ಬುಧವಾರ ನಮ್ಮನ್ನು ಕದ್ಮತ್ತಿಗೆ ಕರೆದೊಯ್ದು, ಶುಕ್ರವಾರ ನಮ್ಮೊಡನೆಯೇ ಅದೇ ವಿಮಾನದಲ್ಲಿ ಹೊರಡೋಣವೆಂದು ಅವರ ಎಣಿಕೆಯಾಗಿತ್ತಂತೆ. ಟಿಕೆಟ್ಟು ಮಾತ್ರ ಖಾತ್ರಿಯಾಗಿರಲಿಲ್ಲ.

ಎಪ್ಪತ್ತು ದಾಟಿದ ಆ ತಾಯಿಗೆ ಒಂದು ಕಣ್ಣು ಪೂರಾ ಮಂಜು. ಮಾವನವರ ಮುಖದ ತೀರ ಹತ್ತಿರಕ್ಕೆ ಬಂದು ನೋಡಿದರು. ಅವರಿಗೆ ಇವರು ಯಾರೆಂದು ಹೇಗೆ ತಿಳಿಯಬೇಕು, ಇವರಿಗೆ ಅವರ ನೆನಪು ಎಲ್ಲಿಂದ ಬರಬೇಕು? ಆದರೂ ಇಬ್ಬರೂ ನಿಲ್ದಾಣದ ಬೆಂಚಿನ ಮೇಲೆ ಒಂದು ಗಂಟೆ ಬಿಡದೆ ಮಾತಾಡಿದರು. ಓಡ ಮಂಗಳೂರಿನಿಂದ ಹಿಂದಿರುಗಿದ ದಿನ ಊರಿನ ಮಕ್ಕಳೆಲ್ಲ ದಂಡೆಗೆ ಓಡುತ್ತಿದ್ದುದು, ಮೊದಲ ಚೀಲ ಬಿಚ್ಚಿದಾಗ ಬರುತ್ತಿದ್ದ ಕುಚ್ಚಲಕ್ಕಿಯ ವಾಸನೆ, ಎಲ್ಲವನ್ನೂ 'ನಿನ್ನೆಯ ಮಾತು' ಎಂಬಂತೆ ಹೇಳಿದರು. ಒಂದು ಮುಂಗಾರಿನ ಮೊದಲು ಹೊರಟ ಓಡ ಬರಲೇ ಇಲ್ಲವೆಂಬುದನ್ನೂ ಹೇಳಿದರು. ಅದು ಅವರ ತಂದೆಯ ಓಡವಲ್ಲ, ಚಿಕ್ಕಪ್ಪನದು.

ಅಷ್ಟರಲ್ಲಿ ಕೊಚ್ಚಿಯ ವಿಮಾನ ಇಳಿಯಿತು. ನಮ್ಮನ್ನು ಹಿಂದಕ್ಕೆ ಒಯ್ಯಬೇಕಾದ ಆ ವಿಮಾನದಲ್ಲೇ, ಪೆಟ್ಟಿಗೆಗಳ ನಡುವೆ, ದೊಡ್ಡಕ್ಷರದ ಹೆಸರು ಹೊತ್ತುಕೊಂಡು, ನಮ್ಮ ಅಕ್ಕಿಯ ಚೀಲ ಬಂದಿತು. ಮಾವನವರು ಅದನ್ನು ತಾವೇ ಎತ್ತಿ ಕೊಡಬೇಕೆಂದು ಹಟ ಹಿಡಿದರು. ಕೊಟ್ಟರು. ಆ ತಾಯಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಅಮುಕಿ ನೋಡಿದರು.

ಕಿಟಕಿಯಲ್ಲಿ ಕೇಳಿದಾಗ, ಕಾಯುವವರ ಪಟ್ಟಿಯಿಂದ ಯಾರನ್ನೂ ತೆಗೆದುಕೊಳ್ಳಲಾಗದೆಂದು ಹೇಳಿದರು. ಗಾಳಿಯ ದಿಕ್ಕು, ಬಿಸಿಲು, ತೂಕ, ಏನೇನೋ ಲೆಕ್ಕ. ಮೇಷ್ಟ್ರದೂ ತಾಯಿಯದೂ ಪಟ್ಟಿಯಲ್ಲಿ ಎರಡನೆಯ ಮತ್ತು ಮೂರನೆಯ ಹೆಸರು. ನಮ್ಮದು ಮೂರು ಖಾತ್ರಿ ಆಸನ. "ನಾವು ಮೂವರು ಬಿಟ್ಟುಕೊಟ್ಟರೆ?" ಎಂದು ಕೇಳಿದೆವು. "ಪಟ್ಟಿಯಲ್ಲಿ ಮೊದಲ ಮೂವರಿಗೆ ಸಿಗುತ್ತದೆ. ನಿಮಗೆ ಮುಂದೆ ಎಂದು ಸಿಕ್ಕೀತೋ ಹೇಳಲಾರೆವು" ಎಂದರು. ಲೆಕ್ಕ ಅಷ್ಟು ಸರಳವಾಗಿತ್ತು. ನಾವು ಮಾವನವರ ಕಡೆ ನೋಡಿದೆವು. ನಮ್ಮ ಮನೆಯವರು ಅವರ ಗುಳಿಗೆಯ ಡಬ್ಬಿ ತೆರೆದು ನೋಡಿದರು, ಭಾನುವಾರದವರೆಗೆ ಇತ್ತು. ಅನುಮತಿಪತ್ರ ಅಂದಿಗೇ ಮುಗಿಯುತ್ತಿತ್ತು. ಮೇಷ್ಟ್ರು ನಮ್ಮ ಇಕ್ಕಟ್ಟನ್ನು ಕಂಡು, "ಬೇಡ ಬೇಡ, ನೀವು ಹೋಗಿ. ನಾಳೆ ಸಂಜೆ ಹಡಗಿದೆ, ಭಾನುವಾರ ಮುಟ್ಟುತ್ತೇವೆ" ಎಂದರು. ತಾಯಿಗೆ ಹಡಗಿನಲ್ಲಿ ತಲೆ ಎತ್ತಲಾಗುವುದಿಲ್ಲವೆಂದು ಒಂದು ಗಂಟೆ ಮೊದಲು ಅವರೇ ಹೇಳಿದ್ದರು. ನಾವು ಎರಡನೆಯ ಸಲ ಕೇಳಲಿಲ್ಲ. ವಿಮಾನ ಹತ್ತಿದೆವು.

ಮೂರು ಆಸನ, ಮೂವರು, ಜತೆಗೆ ಚೀಲವಿಲ್ಲ. ವಿಮಾನ ಏರಿ ತಿರುಗುವಾಗ ಮಾವನವರು ಕಿಟಕಿಗೆ ಹಣೆ ಹಚ್ಚಿ ಬಡಗಣ ದಿಕ್ಕಿಗೆ ನೋಡುತ್ತಿದ್ದರು. ಅತ್ತ ಮೋಡ ಬಿಟ್ಟು ಏನೂ ಇರಲಿಲ್ಲ. "ಕದ್ಮತ್ ಕಾಣುತ್ತದೆಯೇ ಮಾವ?" ಎಂದೆವು. "ಕಾಣುವುದಿಲ್ಲ" ಎಂದರು. ಕೊಚ್ಚಿಯವರೆಗೆ ಅವರು ಆಡಿದ ಮಾತು ಅಷ್ಟೇ.

ಮುಂದಿನ ಗುರುವಾರ ಮೇಷ್ಟ್ರ ಫೋನು ಬಂದಿತು. ಹಡಗಿನಲ್ಲಿ ತಾಯಿಗೆ ಬಹಳ ತೊಂದರೆಯಾಯಿತಂತೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಎರಡು ದಿನ ಮುಂದೆ ಹೋಯಿತಂತೆ, ಈಗ ಕಣ್ಣಿಗೆ ಪಟ್ಟಿ ಬಿಚ್ಚಿದ್ದಾರಂತೆ, ಚೆನ್ನಾಗಿ ಕಾಣುತ್ತದಂತೆ. ಅಕ್ಕಿಯನ್ನು ಅವರು ಕದ್ಮತ್ತಿಗೆ ಕಳಿಸಿಯೇ ಇರಲಿಲ್ಲ. ಕೊಚ್ಚಿಗೆ ಹೊತ್ತುಕೊಂಡು ಹೋಗಿ, ಉಳಿದುಕೊಂಡಿದ್ದ ಮನೆಯಲ್ಲಿ ಅಂದು ಮಧ್ಯಾಹ್ನ ಗಂಜಿ ಮಾಡಿದ್ದರು. ತಾಯಿ ತಾವೇ ಫೋನು ತೆಗೆದುಕೊಂಡು ಮಾವನವರೊಡನೆ ಮಾತಾಡಿದರು. ಮಾವನವರು ಹೂಂಗುಟ್ಟುತ್ತ ಕೇಳಿದರು, ಜೋರಾಗಿ ನಕ್ಕರು, ಫೋನಿಟ್ಟ ಮೇಲೆ ಮಗಳನ್ನು ಕರೆದರು.

"ಆ ಅಕ್ಕಿ ಎಲ್ಲಿಂದ ತಂದದ್ದು ಮಗಾ?"

"ಇಲ್ಲೇ, ನಮ್ಮ ಚಿಂಚವಾಡದ ಅಂಗಡಿಯಿಂದ. ಏಕೆ ಅಪ್ಪ?"

"ಮಂಗಳೂರಿನ ಅಕ್ಕಿ ಮೊದಲಿನಷ್ಟು ದಪ್ಪ ಇಲ್ಲವಂತೆ. ಕಣ್ಣು ಬಂದ ಕೂಡಲೆ ಕಂಡಿತಂತೆ."